ವೆಸ್ಟ್‌ಬ್ರೂಕ್ ಬಂದಾಗ ಹೊರಟುಹೋದವರು

ಪ್ರಿಯ ಗೆಳೆಯ,

ನಿನ್ನ ಪತ್ರ ಓದಿ ಖುಷಿಯಾಯಿತು. ಊರಿನ ಸುದ್ದಿ, ಮಳೆಯ ಸುದ್ದಿ ಎಲ್ಲವನ್ನೂ ಒಂದು ಪ್ಯಾರಾದಲ್ಲಿ ಮುಗಿಸಿ ಮಿಕ್ಕ ಪುಟಗಳನ್ನೆಲ್ಲ ಬ್ಯಾಸ್ಕೆಟ್‌ಬಾಲಿಗೆ ಮೀಸಲಿಟ್ಟಿದ್ದೀಯ. ನಾನೂ ಹಾಗೇ ಮಾಡುತ್ತೇನೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ.

ಅಮೆರಿಕದ ಎನ್‌ಬಿಎ ಲೀಗನ್ನೇ ಒಂದು ಕಾಲಕ್ಕೆ ಆಳಿದ ಆಟಗಾರ ಟ್ರೇಡ್‌ನಲ್ಲಿ ಸಿಗುತ್ತಾನೆ ಎಂದರೆ ತಂಡ ಅವನನ್ನು ತರಬೇಕೋ ಬೇಡವೋ ಎಂದು ಕೇಳಿದ್ದೀಯ. ಲೇಕರ್ಸ್ 2021ರಲ್ಲಿ ರಸೆಲ್ ವೆಸ್ಟ್‌ಬ್ರೂಕ್‌ನನ್ನು ತಂದು ಪಟ್ಟ ಪಾಡಿನ ನೋವು ನಿನಗೆ ಇನ್ನೂ ಆರಿಲ್ಲ ಅನ್ನುವುದು ನಿನ್ನ ಮಾತಿನಲ್ಲೇ ಗೊತ್ತಾಗುತ್ತದೆ. ಇನ್ನು ಮುಂದೆ ಯಾವ ತಂಡವೂ ಹಳೆಯ ಸ್ಟಾರ್‌ಗಳ ತಂಟೆಗೆ ಹೋಗಬಾರದು ಎಂದು ಬರೆದಿದ್ದೀಯ. ಅದರ ಮುಂದಿನ ಸಾಲಿನಲ್ಲೇ, ಆದರೆ ಫೀನಿಕ್ಸ್ ತಂಡ ಕ್ರಿಸ್ ಪಾಲ್‌ನನ್ನು ತಂದು ಫೈನಲ್ ತಲುಪಿತಲ್ಲ, ಅದು ಹೇಗೆ ಎಂದೂ ಕೇಳಿದ್ದೀಯ. ನಿನ್ನ ಆ ಎರಡನೆಯ ಸಾಲು ನನಗೆ ಹೆಚ್ಚು ಇಷ್ಟವಾಯಿತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ತರಬಹುದು. ಆದರೆ ಬರುವವನ ಮುಖ ನೋಡಿ ತೀರ್ಮಾನ ಮಾಡಬಾರದು. ಅವನಿಗಾಗಿ ಯಾರು ಹೋಗುತ್ತಾರೆ, ಅವರು ಇಷ್ಟು ದಿನ ಅಂಗಳದಲ್ಲಿ ಯಾವ ಕೆಲಸ ಮಾಡುತ್ತಿದ್ದರು, ನಾಳೆಯಿಂದ ಆ ಕೆಲಸ ಯಾರ ಪಾಲಿಗೆ ಬರುತ್ತದೆ ಎಂದು ನೋಡಬೇಕು. ನಾವು ಅಭಿಮಾನಿಗಳು ಇದನ್ನು ಕೇಳುವುದೇ ಇಲ್ಲ. ಹೋಗುವವರ ಹೆಸರು ಸುದ್ದಿಯ ಕೊನೆಯ ಸಾಲಿನಲ್ಲಿ ಇರುತ್ತದೆ, ಅಷ್ಟು ಹೊತ್ತಿಗೆ ನಾವು ಹೊಸ ಜೆರ್ಸಿ ಎಷ್ಟಕ್ಕೆ ಸಿಗುತ್ತದೆ ಎಂದು ಹುಡುಕುತ್ತಿರುತ್ತೇವೆ.

ಮೊದಲು ವೆಸ್ಟ್‌ಬ್ರೂಕ್ ಎಂಥ ಆಟಗಾರ ಅನ್ನುವುದನ್ನು ಹೇಳದೆ ಮುಂದೆ ಹೋದರೆ ಅನ್ಯಾಯವಾಗುತ್ತದೆ. 2016ರ ಜುಲೈಯಲ್ಲಿ ಕೆವಿನ್ ಡ್ಯುರಾಂಟ್ ಓಕ್ಲಹೋಮ ಸಿಟಿಯನ್ನು ಬಿಟ್ಟು ಗೋಲ್ಡನ್ ಸ್ಟೇಟ್‌ಗೆ ಹೋದ. ಆ ಪುಟ್ಟ ಊರಿನ ತಂಡದ ಕಥೆ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು. ಉಳಿದವನು ವೆಸ್ಟ್‌ಬ್ರೂಕ್ ಒಬ್ಬ. ಮುಂದಿನ ಸೀಸನ್ ಪೂರ್ತಿ ಅವನು ಪಂದ್ಯಕ್ಕೆ ಸರಾಸರಿ 31.6 ಅಂಕ, 10.7 ರಿಬೌಂಡ್, 10.4 ಅಸಿಸ್ಟ್ ಮಾಡಿದ. ಮೂರರಲ್ಲೂ ಎರಡಂಕಿ. ಒಂದು ಪಂದ್ಯದಲ್ಲಿ ಹೀಗೆ ಮಾಡಿದರೆ ಅದನ್ನು ಟ್ರಿಪಲ್ ಡಬಲ್ ಅನ್ನುತ್ತಾರೆ. ಸೀಸನ್ ಉದ್ದಕ್ಕೂ ಇಂಥ ಸರಾಸರಿಯನ್ನು ಕಾಯ್ದುಕೊಂಡವನು ಅದಕ್ಕೆ ಮೊದಲು ಆಸ್ಕರ್ ರಾಬರ್ಟ್‌ಸನ್ ಒಬ್ಬನೇ, ಅದೂ 1961-62ರಲ್ಲಿ. ಆ ವರ್ಷ ರಾಬರ್ಟ್‌ಸನ್ 41 ಟ್ರಿಪಲ್ ಡಬಲ್ ಮಾಡಿದ್ದ, ವೆಸ್ಟ್‌ಬ್ರೂಕ್ 42 ಮಾಡಿದ.

ಆ ನಲವತ್ತೆರಡನೆಯದು ಬಂದ ಪಂದ್ಯವನ್ನು ನೀನು ನೋಡಿಲ್ಲದಿದ್ದರೆ ಹುಡುಕಿ ನೋಡು. 2017ರ ಏಪ್ರಿಲ್ 9, ಡೆನ್ವರ್‌ನಲ್ಲಿ. ಓಕ್ಲಹೋಮ ಎರಡು ಅಂಕ ಹಿಂದಿದೆ, ಉಳಿದಿರುವುದು ಕೆಲವೇ ಕ್ಷಣ. ಚೆಂಡು ಅವನ ಕೈಗೆ ಬಂದದ್ದು ಬುಟ್ಟಿಯಿಂದ ಬಹಳ ದೂರದಲ್ಲಿ. 36 ಅಡಿಯಿಂದ, ಅಂದರೆ ಹೆಚ್ಚುಕಡಿಮೆ ಹನ್ನೊಂದು ಮೀಟರ್‌ನಿಂದ, ನೆಗೆದು ಎಸೆದ. ಗಂಟೆ ಬಾರಿಸುವಾಗ ಚೆಂಡು ಗಾಳಿಯಲ್ಲಿತ್ತು. ಬುಟ್ಟಿಗೆ ಬಿತ್ತು. 106-105. ಅವನ ಲೆಕ್ಕದಲ್ಲಿ 50 ಅಂಕ, 16 ರಿಬೌಂಡ್, 10 ಅಸಿಸ್ಟ್. ಆ ಒಂದು ಎಸೆತದಿಂದ ಡೆನ್ವರ್‌ನ ಪ್ಲೇಆಫ್ ಆಸೆ ಮುಗಿದುಹೋಯಿತು. ಆದರೂ ಆವತ್ತು ಆ ಊರಿನ ಪ್ರೇಕ್ಷಕರು ಅವನಿಗೆ ಚಪ್ಪಾಳೆ ತಟ್ಟಿದರು. ಆ ಸೀಸನ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಎಂವಿಪಿ ಪ್ರಶಸ್ತಿ ಅವನಿಗೇ ಬಂತು. ಇಂಥವನು ಸಿಗುತ್ತಾನೆ ಎಂದರೆ ಯಾರ ಮನಸ್ಸು ತಾನೇ ಕರಗುವುದಿಲ್ಲ?

ಆ ಎತ್ತರದಲ್ಲಿದ್ದಾಗಲೇ, 2017ರ ಸೆಪ್ಟೆಂಬರ್‌ನಲ್ಲಿ, ಅವನು ಐದು ವರ್ಷಕ್ಕೆ 20 ಕೋಟಿ 50 ಲಕ್ಷ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿದ. ಅದು ಅವನ ಹಕ್ಕು, ಅವನು ದುಡಿದು ಗಳಿಸಿದ್ದು. ಆದರೆ ಮುಂದಿನದೆಲ್ಲ ಅರ್ಥವಾಗಬೇಕಾದರೆ ಈ ಒಪ್ಪಂದವನ್ನು ನೆನಪಿನಲ್ಲಿಡಬೇಕು. ಒಪ್ಪಂದದ ಮೊತ್ತ ಪ್ರತಿವರ್ಷ ಏರುತ್ತದೆ, ಆಟಗಾರನ ಮೊಣಕಾಲು ಪ್ರತಿವರ್ಷ ಏರುವುದಿಲ್ಲ.

ಇಲ್ಲಿ ಟ್ರೇಡ್ ಹೇಗೆ ನಡೆಯುತ್ತದೆ ಅನ್ನುವುದನ್ನು ಸ್ವಲ್ಪ ಹೇಳಬೇಕು. ನಮ್ಮವರಿಗೆ ಐಪಿಎಲ್ ಹರಾಜು ಚೆನ್ನಾಗಿ ಗೊತ್ತು, ಅದೇ ಲೆಕ್ಕದಲ್ಲಿ ಇದನ್ನೂ ನೋಡುತ್ತೇವೆ. 2014ರ ಹರಾಜಿನಲ್ಲಿ ಆರ್‌ಸಿಬಿ ಯುವರಾಜ್ ಸಿಂಗ್‌ಗೆ 14 ಕೋಟಿ ರೂಪಾಯಿ ಕೊಟ್ಟಿತು, ಒಂದು ಸೀಸನ್ ಆಡಿಸಿ ಬಿಟ್ಟುಕೊಟ್ಟಿತು. ಅಲ್ಲಿ ಹೋದದ್ದು ಹಣ. ಯುವರಾಜ್ ಬರಲೆಂದು ತಂಡದಲ್ಲಿದ್ದ ಯಾವ ಆಟಗಾರನನ್ನೂ ಎದುರಾಳಿಯ ಕೈಗೆ ಒಪ್ಪಿಸಬೇಕಾಗಿರಲಿಲ್ಲ. ಎನ್‌ಬಿಎಯಲ್ಲಿ ಹಾಗಲ್ಲ. ಸಂಬಳದ ಮಿತಿ ದಾಟಿರುವ ತಂಡ ಒಬ್ಬನನ್ನು ತರಬೇಕಾದರೆ, ಬರುವವನ ಸಂಬಳಕ್ಕೆ ಹೆಚ್ಚುಕಡಿಮೆ ಸರಿತೂಗುವಷ್ಟು ಸಂಬಳದ ಆಟಗಾರರನ್ನು ಆಚೆ ಕಳಿಸಬೇಕು. ಬರುವವನ ಸಂಬಳ ಸಾಮಾನ್ಯದ್ದಾದರೆ ಒಬ್ಬ ಹೋದರೆ ಸಾಕು. 4 ಕೋಟಿ 42 ಲಕ್ಷ ಡಾಲರ್ ಆದರೆ? ಲೇಕರ್ಸ್‌ನಂಥ ತಂಡದಲ್ಲಿ ಅಷ್ಟು ಸಂಬಳ ಒಬ್ಬನ ಹತ್ತಿರ ಇರುವುದಿಲ್ಲ, ಇದ್ದರೂ ಅವನು ಲೆಬ್ರಾನ್ ಜೇಮ್ಸ್‌ನಂಥ ಕಳಿಸಲಾಗದವನು. ಹಾಗಾಗಿ ಮಧ್ಯಮ ಸಂಬಳದ ಮೂವರನ್ನು ಕಟ್ಟಿ ಕಳಿಸಬೇಕಾಗುತ್ತದೆ. ತಂಡದ ಬೆನ್ನೆಲುಬು ಇರುವುದು ಸಾಮಾನ್ಯವಾಗಿ ಈ ಮಧ್ಯಮ ಸಂಬಳದವರಲ್ಲೇ.

ಅದರ ಜೊತೆಗೆ ಡ್ರಾಫ್ಟ್ ಪಿಕ್‌ಗಳು. ಮುಂದೆ ಕಾಲೇಜಿನಿಂದ ಬರುವ ಹುಡುಗರನ್ನು ಆರಿಸಿಕೊಳ್ಳುವ ಹಕ್ಕನ್ನೇ ಮಾರಬಹುದು. 1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮಾಲೀಕ ಟೆಡ್ ಸ್ಟೆಪಿಯನ್ ಮೊದಲ ಸುತ್ತಿನ ಪಿಕ್‌ಗಳನ್ನು ಒಂದಾದಮೇಲೊಂದು ಕೊಟ್ಟುಬಿಟ್ಟು ತಂಡವನ್ನು ಬರಿದು ಮಾಡಿದ. ಸತತ ಎರಡು ವರ್ಷಗಳ ಮೊದಲ ಸುತ್ತಿನ ಪಿಕ್‌ಗಳನ್ನು ಮುಂಗಡವಾಗಿ ಬಿಟ್ಟುಕೊಡುವ ಹಾಗಿಲ್ಲ ಎಂಬ ನಿಯಮ ಬಂದದ್ದು ಆಮೇಲೆ, ಇವತ್ತಿಗೂ ಅದನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ.

ಈಗ ಲೇಕರ್ಸ್‌ಗೆ ಬರೋಣ. 2020ರಲ್ಲಿ ಕೋವಿಡ್ ನಡುವೆ ಒರ್ಲಾಂಡೊದಲ್ಲಿ ಪ್ರೇಕ್ಷಕರಿಲ್ಲದ ಅಂಗಳದಲ್ಲಿ ಅವರು ಮಯಾಮಿಯನ್ನು 4-2ರಿಂದ ಸೋಲಿಸಿ ಚಾಂಪಿಯನ್ ಆದರು. ಲೆಬ್ರಾನ್, ಆಂಥೊನಿ ಡೇವಿಸ್ ಇಬ್ಬರ ಹೆಸರು ಎಲ್ಲರ ಬಾಯಲ್ಲೂ ಬಂತು. ಆದರೆ ಆ ತಂಡದ ಗುಟ್ಟು ಇದ್ದದ್ದು ಅವರಿಬ್ಬರ ಸುತ್ತ ನಿಂತವರಲ್ಲಿ. ಕೆಂಟೇವಿಯಸ್ ಕಾಲ್ಡ್‌ವೆಲ್-ಪೋಪ್ ಎದುರಾಳಿಯ ಚುರುಕಾದ ಗಾರ್ಡ್‌ನನ್ನು ಕಾಯುತ್ತಿದ್ದ, ಚೆಂಡು ಬಂದರೆ ಮೂರು ಪಾಯಿಂಟ್ ಹೊಡೆಯುತ್ತಿದ್ದ, ಬರದಿದ್ದರೆ ಬೇಸರಿಸಿಕೊಳ್ಳುತ್ತಿರಲಿಲ್ಲ. ಡ್ರಾಫ್ಟ್‌ನಲ್ಲಿ ಯಾರೂ ಆರಿಸದೆ ಬಿಟ್ಟಿದ್ದ ಅಲೆಕ್ಸ್ ಕರೂಸೊ ಎಷ್ಟು ನಂಬಿಕೆ ಗಳಿಸಿದ್ದ ಎಂದರೆ, ಫೈನಲ್‌ನ ಕೊನೆಯ ಪಂದ್ಯದಲ್ಲಿ ಕೋಚ್ ಫ್ರ್ಯಾಂಕ್ ವೋಗೆಲ್ ಅವನನ್ನೇ ಮೊದಲ ಐವರಲ್ಲಿ ಇಳಿಸಿದರು.

ಮುಂದಿನ ವರ್ಷ ಲೆಬ್ರಾನ್‌ಗೂ ಡೇವಿಸ್‌ಗೂ ಗಾಯ, ಮೊದಲ ಸುತ್ತಿನಲ್ಲೇ ಫೀನಿಕ್ಸ್ ಎದುರು ಸೋಲು. ಲೆಬ್ರಾನ್‌ಗೆ 36 ದಾಟಿತ್ತು. ಅವನ ಮೇಲಿನ ಭಾರ ಇಳಿಸಲು ಚೆಂಡು ಹಿಡಿದು ಆಟ ನಡೆಸುವ ಇನ್ನೊಬ್ಬ ಬೇಕು ಎಂಬ ಯೋಚನೆ ತಪ್ಪಲ್ಲ. ಸ್ಯಾಕ್ರಮೆಂಟೊದಿಂದ ಬಡ್ಡಿ ಹೀಲ್ಡ್ ಎಂಬ ಮೂರು ಪಾಯಿಂಟ್‌ನ ನುರಿತ ಗುರಿಕಾರನನ್ನು ತರುವ ಮಾತುಕತೆ ಬಹಳ ದೂರ ಹೋಗಿತ್ತು ಎಂದು ಆಗ ಪತ್ರಿಕೆಗಳಲ್ಲಿ ವರದಿಯಾಯಿತು. ಕೊನೆಗೆ ಡ್ರಾಫ್ಟ್ ದಿನ ಅವರು ಕೈಹಾಕಿದ್ದು ಆಗ ವಾಷಿಂಗ್ಟನ್ ತಂಡದಲ್ಲಿದ್ದ ವೆಸ್ಟ್‌ಬ್ರೂಕ್‌ಗೆ. ವಾಷಿಂಗ್ಟನ್‌ಗೆ ಹೋದವರು ಕಾಲ್ಡ್‌ವೆಲ್-ಪೋಪ್, ಕೈಲ್ ಕುಜ್ಮಾ, ಮಾಂಟ್ರೆಜ್ಲ್ ಹ್ಯಾರೆಲ್, ಮೇಲೆ ಆ ವರ್ಷದ 22ನೆಯ ಪಿಕ್.

ಲೆಬ್ರಾನ್, ಡೇವಿಸ್, ವೆಸ್ಟ್‌ಬ್ರೂಕ್ ಮೂವರ ಸಂಬಳ ಕೂಡಿದರೆ 12 ಕೋಟಿ ಡಾಲರ್ ದಾಟುತ್ತಿತ್ತು. ಆ ವರ್ಷ ಇಡೀ ತಂಡಕ್ಕೆ ಲೀಗ್ ಇಟ್ಟ ಮಿತಿಯೇ 11 ಕೋಟಿ 24 ಲಕ್ಷ. ಮಿಕ್ಕ ಜಾಗಗಳನ್ನು ಹೆಚ್ಚಾಗಿ ಕನಿಷ್ಠ ಸಂಬಳಕ್ಕೆ ಬರುವವರಿಂದ ತುಂಬಿಸಬೇಕಾಯಿತು. ಬಂದವರು ಕಾರ್ಮೆಲೊ ಆಂಥೊನಿ, ಡ್ವೈಟ್ ಹೋವರ್ಡ್, ರಾಜನ್ ರೊಂಡೊ, ಟ್ರೆವರ್ ಅರಿಜಾ. ಹತ್ತು ವರ್ಷ ಹಿಂದಾಗಿದ್ದರೆ ಈ ಪಟ್ಟಿ ನೋಡಿ ಇಡೀ ಲೀಗ್ ನಡುಗುತ್ತಿತ್ತು. 2021ರಲ್ಲಿ ಅವರೆಲ್ಲ 35 ದಾಟಿದವರು. ಕರೂಸೊ ಕೂಡ ಹೋದ. ಶಿಕಾಗೊ ಅವನಿಗೆ ನಾಲ್ಕು ವರ್ಷಕ್ಕೆ ಸುಮಾರು 3 ಕೋಟಿ 70 ಲಕ್ಷ ಕೊಟ್ಟಿತು. ಸಂಬಳ ಮಿತಿಮೀರಿದ್ದಕ್ಕೆ ಕಟ್ಟುವ ಲಕ್ಷುರಿ ಟ್ಯಾಕ್ಸ್ ಆಗಲೇ ಏರಿಕೊಂಡಿದ್ದ ಲೇಕರ್ಸ್ ಅಷ್ಟಕ್ಕೆ ಮುಂದಾಗಲಿಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಕರೂಸೊ ಹೋದದ್ದಕ್ಕೆ.

ಇನ್ನು ಅಂಗಳದಲ್ಲಿ ಏನಾಯಿತು ಅನ್ನುವುದನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಿನ್ನ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ. ಆ ಚಳಿಗಾಲ ಲಾಸ್ ಏಂಜಲೀಸ್‌ನ ಸಂಜೆ ಏಳೂವರೆಯ ಪಂದ್ಯಗಳು ನಮಗೆ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತಿದ್ದವು. ಯಾವ ಪಂದ್ಯ ಹಾಕಿದರೂ ಒಂದೇ ಚಿತ್ರ. ಲೆಬ್ರಾನ್ ಬಲಗಡೆಯಿಂದ ಚೆಂಡು ಹಿಡಿದು ಬುಟ್ಟಿಯ ಕಡೆ ನುಗ್ಗುತ್ತಾನೆ. ವೆಸ್ಟ್‌ಬ್ರೂಕ್ ಎಡಗಡೆ ಮೂರು ಪಾಯಿಂಟ್‌ನ ಗೆರೆಯ ಆಚೆ ನಿಂತಿದ್ದಾನೆ. ಅವನನ್ನು ಕಾಯಬೇಕಾದ ಡಿಫೆಂಡರ್ ಅವನ ಹತ್ತಿರ ಇಲ್ಲವೇ ಇಲ್ಲ. ಆತ ನಾಲ್ಕೈದು ಹೆಜ್ಜೆ ಒಳಗೆ ಸರಿದು ಬುಟ್ಟಿಯ ಮುಂದೆಯೇ ಬಂದು ನಿಂತಿದ್ದಾನೆ, ಒಂದು ಕೈ ಲೆಬ್ರಾನ್ ಕಡೆ, ಒಂದು ಕಣ್ಣು ಮಾತ್ರ ವೆಸ್ಟ್‌ಬ್ರೂಕ್ ಕಡೆ. ಲೆಬ್ರಾನ್‌ಗೆ ದಾರಿಯಲ್ಲಿ ಒಬ್ಬರ ಬದಲು ಇಬ್ಬರು ಸಿಗುತ್ತಾರೆ. ಅವನು ಚೆಂಡನ್ನು ವೆಸ್ಟ್‌ಬ್ರೂಕ್‌ಗೆ ದಾಟಿಸುತ್ತಾನೆ. ಸುತ್ತಲೂ ಯಾರೂ ಇಲ್ಲ. ಇಡೀ ಅಂಗಳ ಉಸಿರು ಹಿಡಿಯುತ್ತದೆ. ವೆಸ್ಟ್‌ಬ್ರೂಕ್ ಒಂದು ಕ್ಷಣ ಯೋಚಿಸುತ್ತಾನೆ, ಎಸೆಯುತ್ತಾನೆ. ಆ ಸೀಸನ್ ಆ ದೂರದಿಂದ ಅವನು ಎಸೆದದ್ದರಲ್ಲಿ ನೂರಕ್ಕೆ ಮೂವತ್ತೂ ಬೀಳಲಿಲ್ಲ.

ಹಿಂದಿನ ವರ್ಷ ಅದೇ ಜಾಗದಲ್ಲಿ ನಿಲ್ಲುತ್ತಿದ್ದವನು ಕಾಲ್ಡ್‌ವೆಲ್-ಪೋಪ್. ಅವನದು ನೂರಕ್ಕೆ 41. ಹಾಗಾಗಿ ಅವನ ಡಿಫೆಂಡರ್ ಅವನನ್ನು ಬಿಟ್ಟು ಅಲ್ಲಾಡುವಂತಿರಲಿಲ್ಲ. ಚೆಂಡನ್ನು ಮುಟ್ಟದೆಯೇ ಅವನು ಲೆಬ್ರಾನ್‌ಗೆ ದಾರಿ ಬಿಡಿಸಿಕೊಡುತ್ತಿದ್ದ. ಈ ಕೆಲಸ ಸ್ಕೋರ್‌ಶೀಟಿನಲ್ಲಿ ಬರುವುದಿಲ್ಲ. ವೆಸ್ಟ್‌ಬ್ರೂಕ್ ಆ ವರ್ಷವೂ ಸರಾಸರಿ 18.5 ಅಂಕ, 7.4 ರಿಬೌಂಡ್, 7.1 ಅಸಿಸ್ಟ್ ಮಾಡಿದ. ಕಾಗದದ ಮೇಲೆ ಕಾಲ್ಡ್‌ವೆಲ್-ಪೋಪ್‌ಗಿಂತ ಈ ಮೂರರಲ್ಲೂ ಮುಂದೆ. ತಂಡ ಮಾತ್ರ 33 ಗೆದ್ದು 49 ಸೋತಿತು, ಪ್ಲೇಆಫ್‌ನ ಕೊನೆಯ ಜಾಗಗಳಿಗಾಗಿ ನಡೆಯುವ ಪ್ಲೇ-ಇನ್ ಪಂದ್ಯಕ್ಕೂ ಬರಲಿಲ್ಲ. ಸೀಸನ್ ಮುಗಿಯುತ್ತಲೇ ವೋಗೆಲ್ ಕೆಲಸ ಹೋಯಿತು. ಎರಡು ವರ್ಷದ ಹಿಂದೆ ಕಪ್ ಗೆದ್ದುಕೊಟ್ಟ ಕೋಚ್!

ವೆಸ್ಟ್‌ಬ್ರೂಕ್ ಪರವಾಗಿ ಹೇಳಲೇಬೇಕಾದ ಮಾತಿದೆ. ಆ ವರ್ಷ ಡೇವಿಸ್ ಆಡಿದ್ದು 40 ಪಂದ್ಯ, ಲೆಬ್ರಾನ್ 56. ವೆಸ್ಟ್‌ಬ್ರೂಕ್ 78. ಮೈಕೈ ನೋವು ಎಂದು ಮನೆಯಲ್ಲಿ ಕೂತವನಲ್ಲ ಅವನು. ಮೂವರೂ ಒಟ್ಟಿಗೆ ಆಡಿದ ಪಂದ್ಯಗಳೇ ಕಡಿಮೆ. ಆದರೂ ಬೈಗುಳವೆಲ್ಲ ಬಿದ್ದದ್ದು ಅವನ ಮೇಲೆ. ಜನವರಿಯಲ್ಲಿ ಇಂಡಿಯಾನಾ ಎದುರು ತವರಿನ ಪಂದ್ಯದ ಕೊನೆಯ ನಿಮಿಷಗಳಲ್ಲಿ ಅವನನ್ನು ಬೆಂಚಿನ ಮೇಲೆ ಕೂರಿಸಿದರು. ಲಾಸ್ ಏಂಜಲೀಸ್‌ನ ಪಕ್ಕದ ಲಾಂಗ್ ಬೀಚ್‌ನಲ್ಲಿ ಹುಟ್ಟಿ, ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲೇ ಓದಿ ಆಡಿದವನು. ತನ್ನೂರಿನ ತಂಡಕ್ಕೆ ಆಡುವುದು ಅವನಿಗೆ ಎಂಥ ದೊಡ್ಡ ವಿಷಯವಾಗಿತ್ತು ಎಂದು ಊಹಿಸಿಕೋ. ಅದೇ ಊರಿನವರು ಅವನು ಚೆಂಡು ಹಿಡಿದಾಗ ಹುಯಿಲಿಟ್ಟರು.

2022ರ ಮಾರ್ಚ್‌ನಲ್ಲಿ ಅವನು ಪತ್ರಕರ್ತರ ಮುಂದೆ ಹೇಳಿದ ಒಂದು ವಿಷಯ ನನ್ನ ಮನಸ್ಸಿನಿಂದ ಹೋಗಿಲ್ಲ. ಗುರಿ ತಪ್ಪಿದಾಗಲೆಲ್ಲ ಜನ ಅವನ ಮನೆತನದ ಹೆಸರನ್ನೇ ತಿರುಚಿ ಕೂಗುತ್ತಿದ್ದರು. ಅಷ್ಟು ವರ್ಷ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲವಂತೆ. ಒಂದು ದಿನ ಮಗನ ಶಾಲೆಗೆ ಹೋಗಿದ್ದಾಗ ಟೀಚರ್, ನಿಮ್ಮ ಹುಡುಗನಿಗೆ ಮನೆತನದ ಹೆಸರೆಂದರೆ ಎಷ್ಟು ಹೆಮ್ಮೆ, ಸಿಕ್ಕಲ್ಲೆಲ್ಲ ಅದನ್ನೇ ಬರೆಯುತ್ತಾನೆ ಎಂದರಂತೆ. ಆವತ್ತೇ ನಿರ್ಧಾರ ಮಾಡಿದನಂತೆ, ಇನ್ನು ಈ ಹೆಸರನ್ನು ಯಾರೂ ಕೆಡಿಸಲು ಬಿಡುವುದಿಲ್ಲ ಎಂದು. ಹೆಂಡತಿಗೂ ಬೆದರಿಕೆ, ಕೆಟ್ಟ ಮಾತು ಬರುತ್ತಿದ್ದ ಕಾಲ ಅದು. ನೋಡು, ಒಪ್ಪದ ಜಾಗಕ್ಕೆ ಅವನನ್ನು ತಂದವರು ಆಡಳಿತದವರು. ಆಟಗಾರ ತನ್ನನ್ನು ತಾನೇ ಟ್ರೇಡ್ ಮಾಡಿಕೊಳ್ಳುವುದಿಲ್ಲ, ಬರಲು ಮನಸ್ಸು ಮಾಡಿದ್ದರೂ ಯಾರನ್ನು ಕಳಿಸಬೇಕು ಅನ್ನುವುದು ಅವನ ಕೈಯಲ್ಲಿರುವುದಿಲ್ಲ. ಶಿಕ್ಷೆ ಅನುಭವಿಸಿದವನು ಮಾತ್ರ ಅವನು. ಹಳೆಯ ಸ್ಟಾರ್‌ನನ್ನು ತರುವಾಗ ಈ ಕ್ರೌರ್ಯವನ್ನೂ ಲೆಕ್ಕಕ್ಕೆ ಹಿಡಿಯಬೇಕು ಅನ್ನುವವನು ನಾನು. ತಂಡಕ್ಕೆ ಹೋಗುವುದು ಒಂದೆರಡು ವರ್ಷ. ಅವನ ವಿಷಯಕ್ಕೆ ಬಂದರೆ, ಹದಿಮೂರು ವರ್ಷ ಕಟ್ಟಿದ ಹೆಸರನ್ನು ಜನ ನೆನೆಸುವ ರೀತಿಯೇ ಬದಲಾಗಿಬಿಡುತ್ತದೆ.

ಡೆಟ್ರಾಯಿಟ್‌ನಲ್ಲಿ ಇದಕ್ಕೂ ಮೊದಲು ಇಂಥದ್ದೇ ಆಗಿತ್ತು. ನಿನಗೆ ಆ ತಂಡ ನೆನಪಿದೆಯೋ ಇಲ್ಲವೋ. 2004ರಲ್ಲಿ ಶಕೀಲ್ ಓನೀಲ್, ಕೋಬಿ ಬ್ರ್ಯಾಂಟ್ ಇದ್ದ ಲೇಕರ್ಸನ್ನೇ ಬಗ್ಗುಬಡಿದು ಚಾಂಪಿಯನ್ ಆದ ತಂಡ, 2003ರಿಂದ 2008ರವರೆಗೆ ಆರು ವರ್ಷ ಬಿಡದೆ ಈಸ್ಟರ್ನ್ ಕಾನ್ಫರೆನ್ಸ್ ಫೈನಲ್ ಆಡಿದ ತಂಡ. ಅದರ ಗಾರ್ಡ್ ಚಾನ್ಸಿ ಬಿಲಪ್ಸ್. ದೊಡ್ಡ ಗದ್ದಲ ಮಾಡದೆ, ಯಾರಿಗೆ ಯಾವಾಗ ಚೆಂಡು ಬೇಕು ಎಂದು ತಿಳಿದು ಆಡಿಸುತ್ತಿದ್ದವನು. 2008-09ರ ಸೀಸನ್‌ನ ಎರಡು ಪಂದ್ಯ ಮುಗಿದಿತ್ತು, ಎರಡೂ ಗೆದ್ದಿದ್ದರು. ನವೆಂಬರ್ 3ರಂದು ಬಿಲಪ್ಸ್‌ನನ್ನು ಡೆನ್ವರ್‌ಗೆ ಕಳಿಸಿ ಆಲೆನ್ ಐವರ್‌ಸನ್‌ನನ್ನು ತಂದರು.

ಐವರ್‌ಸನ್ ಎಂದರೆ ನಮ್ಮ ತಲೆಮಾರಿನ ಎದೆಬಡಿತ. ಆರಡಿಯ ಆಳು ಏಳಡಿಯವರ ನಡುವೆ ಬಿದ್ದು ಎದ್ದು ಆಡಿದ್ದನ್ನು ನೋಡಿಯೇ ಎಷ್ಟೋ ಕುಳ್ಳ ಹುಡುಗರು ಚೆಂಡು ಹಿಡಿದರು. 2001ರ ಎಂವಿಪಿ. ಆದರೆ 2008ಕ್ಕೆ ಅವನಿಗೆ 33. ಆಡಳಿತದ ಜೋ ಡುಮಾರ್ಸ್‌ಗೆ ಅವನ ಒಪ್ಪಂದ ಆ ವರ್ಷವೇ ಮುಗಿಯುವುದು ಕೂಡ ಆಕರ್ಷಣೆ, ಮುಂದಿನ ಬೇಸಿಗೆಗೆ ಸಂಬಳದ ಜಾಗ ಖಾಲಿಯಾಗುತ್ತದೆ ಎಂಬ ಲೆಕ್ಕ. ಹಿಂದಿನ ವರ್ಷ 59 ಗೆದ್ದಿದ್ದ ತಂಡ ಆ ವರ್ಷ 39 ಗೆದ್ದು 43 ಸೋತಿತು. ಬೆಂಚಿನಿಂದ ಆಡುವುದು ಐವರ್‌ಸನ್‌ಗೆ ಒಗ್ಗಲಿಲ್ಲ, ಬೆನ್ನುನೋವೂ ಸೇರಿ ಸೀಸನ್ ಮುಗಿಯುವ ಮೊದಲೇ ಅವನ ಆಟ ನಿಂತಿತು. ಪ್ಲೇಆಫ್‌ನಲ್ಲಿ ಕ್ಲೀವ್‌ಲ್ಯಾಂಡ್ ಎದುರು ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಡೆಟ್ರಾಯಿಟ್ ಮತ್ತೆ ಪ್ಲೇಆಫ್ ಮುಖ ನೋಡಿದ್ದು 2016ರಲ್ಲಿ. ಅತ್ತ ಬಿಲಪ್ಸ್ ತನ್ನ ಹುಟ್ಟೂರು ಡೆನ್ವರ್‌ಗೆ ಹೋಗಿ ಅದೇ ವರ್ಷ ಆ ತಂಡವನ್ನು ವೆಸ್ಟರ್ನ್ ಫೈನಲ್‌ವರೆಗೆ ಒಯ್ದ. ಹೋದವನನ್ನು ನೋಡಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಈಗ ನಿನ್ನ ಎರಡನೆಯ ಸಾಲಿಗೆ ಬರುತ್ತೇನೆ. ಕ್ರಿಸ್ ಪಾಲ್.

2019ರಲ್ಲಿ ಇವನನ್ನೂ ವೆಸ್ಟ್‌ಬ್ರೂಕ್‌ನನ್ನೂ ಅದಲುಬದಲು ಮಾಡಿದ್ದರು. ಹೂಸ್ಟನ್ ತಂಡ ಪಾಲ್‌ನನ್ನು ಓಕ್ಲಹೋಮಕ್ಕೆ ಕೊಟ್ಟು ವೆಸ್ಟ್‌ಬ್ರೂಕ್‌ನನ್ನು ತಂದಿತು, ಮೇಲೆ ಪಿಕ್‌ಗಳನ್ನೂ ಸುರಿಯಿತು. ಪಾಲ್‌ನ ಕಥೆ ಮುಗಿಯಿತು, ಆ ಸಂಬಳ ಯಾರೂ ಹೊರಲಾರರು ಎಂದೇ ಎಲ್ಲರ ಮಾತು. ಅವನು ಓಕ್ಲಹೋಮದ ಹುಡುಗರನ್ನು ಕಟ್ಟಿಕೊಂಡು ಪ್ಲೇಆಫ್‌ಗೆ ಬಂದ, ಅಲ್ಲಿ ಹೂಸ್ಟನ್ನನ್ನೇ ಏಳನೆಯ ಪಂದ್ಯದವರೆಗೆ ಎಳೆದ. 2020ರ ನವೆಂಬರ್‌ನಲ್ಲಿ ಫೀನಿಕ್ಸ್ ಅವನನ್ನು ತಂದಾಗ ಅವನಿಗೆ 35 ವರ್ಷ, ಸಂಬಳ 4 ಕೋಟಿ ಡಾಲರ್‌ಗೂ ಮೇಲೆ. ವಯಸ್ಸೂ ಸಂಬಳವೂ ನೋಡಿದರೆ ವೆಸ್ಟ್‌ಬ್ರೂಕ್ ಟ್ರೇಡ್‌ಗಿಂತ ಇದೇ ಹೆಚ್ಚು ಅಪಾಯದ್ದು.

ಆದರೆ ಹೋದವರು ಯಾರು? ಕೆಲ್ಲಿ ಊಬ್ರೆ, ರಿಕಿ ರುಬಿಯೊ, ಇಬ್ಬರು ಎಳೆಯ ಆಟಗಾರರು, ಒಂದು ಪಿಕ್. ರುಬಿಯೊ ಮಾಡುತ್ತಿದ್ದ ಪಾಯಿಂಟ್ ಗಾರ್ಡ್ ಕೆಲಸವನ್ನೇ ಪಾಲ್ ಅವನಿಗಿಂತ ಚೆನ್ನಾಗಿ ಮಾಡುತ್ತಿದ್ದ. ಊಬ್ರೆ ಬಿಟ್ಟ ಜಾಗಕ್ಕೆ ಮಿಕಲ್ ಬ್ರಿಜಸ್, ಕ್ಯಾಮ್ ಜಾನ್ಸನ್ ಆಗಲೇ ತಯಾರಾಗಿದ್ದರು. ಡೆವಿನ್ ಬುಕರ್, ಡಿಆಂಡ್ರೆ ಏಟನ್ ಅಲ್ಲೇ ಇದ್ದರು. ಒಂದು ಕೆಲಸವೂ ಅನಾಥವಾಗಲಿಲ್ಲ. ಕೋಚ್ ಮಾಂಟಿ ವಿಲಿಯಮ್ಸ್ ಹತ್ತು ವರ್ಷ ಹಿಂದೆ ನ್ಯೂ ಆರ್ಲಿಯನ್ಸ್‌ನಲ್ಲಿ ಪಾಲ್‌ನನ್ನು ಆಡಿಸಿದ್ದವರು, ಅವನ ಬಾಯಿಯ ಜೋರೂ ಬುದ್ಧಿಯ ಜೋರೂ ಎರಡೂ ಅವರಿಗೆ ಗೊತ್ತಿತ್ತು.

ಇನ್ನೊಂದು ವಿಷಯ, ವಯಸ್ಸು ಯಾವುದನ್ನು ಮೊದಲು ಕಿತ್ತುಕೊಳ್ಳುತ್ತದೆ ಅನ್ನುವುದು. ವೆಸ್ಟ್‌ಬ್ರೂಕ್‌ನ ಆಟ ನಿಂತಿರುವುದು ಅವನ ಮೊದಲ ಹೆಜ್ಜೆಯ ವೇಗದ ಮೇಲೆ, ಎದುರಾಳಿ ತಿರುಗುವುದರೊಳಗೆ ಬುಟ್ಟಿಯ ಹತ್ತಿರ ಇರುವುದರ ಮೇಲೆ. ಆ ಹೆಜ್ಜೆ ಕೂದಲೆಳೆಯಷ್ಟು ನಿಧಾನವಾದರೂ ಸಾಕು, ಹಿಂದೆ ಬುಟ್ಟಿಗೆ ಬೀಳುತ್ತಿದ್ದ ಚೆಂಡು ಈಗ ಯಾರದೋ ಕೈಗೆ ತಾಗುತ್ತದೆ. ಪಾಲ್ ಮೊದಲಿನಿಂದಲೂ ನಿಧಾನದ ಆಟಗಾರ. ಏಟನ್ ಅಡ್ಡ ನಿಲ್ಲುತ್ತಾನೆ, ಪಾಲ್ ಅವನನ್ನು ಸುತ್ತಿಕೊಂಡು ಬಂದು ಡಿಫೆಂಡರ್‌ನನ್ನು ಬೆನ್ನಿನ ಮೇಲೆ ಹೊತ್ತುಕೊಂಡವನ ಹಾಗೆ ಹಿಂದೆ ಇಟ್ಟುಕೊಂಡೇ ಫ್ರೀ ಥ್ರೋ ಗೆರೆಯ ಬಲ ಮೂಲೆಗೆ ನಡೆಯುತ್ತಾನೆ, ಅಲ್ಲಿ ನಿಂತು ಎಸೆಯುತ್ತಾನೆ. ಇದಕ್ಕೆ ಬೇಕಾದದ್ದು ಲೆಕ್ಕಾಚಾರ ಮತ್ತು ಮಣಿಕಟ್ಟು. ಎರಡೂ 36ರಲ್ಲೂ ಉಳಿದಿದ್ದವು.

2010ರಿಂದ ಪ್ಲೇಆಫ್ ಕಾಣದಿದ್ದ ಫೀನಿಕ್ಸ್ 51 ಗೆದ್ದು 21 ಮಾತ್ರ ಸೋತಿತು. ವೆಸ್ಟರ್ನ್ ಫೈನಲ್‌ನ ಆರನೆಯ ಪಂದ್ಯ ಲಾಸ್ ಏಂಜಲೀಸ್‌ನಲ್ಲಿ, ಪಾಲ್ ಆರು ವರ್ಷ ಆಡಿ ಬಿಟ್ಟಿದ್ದ ಕ್ಲಿಪ್ಪರ್ಸ್ ಎದುರು. ಅವನು 41 ಅಂಕ ಹೊಡೆದ, ಅದರಲ್ಲಿ 31 ದ್ವಿತೀಯಾರ್ಧದಲ್ಲಿ. ಒಂದೇ ಒಂದು ಸಲವೂ ಚೆಂಡು ಕಳೆದುಕೊಳ್ಳಲಿಲ್ಲ. ಹದಿನಾರನೆಯ ಸೀಸನ್‌ನಲ್ಲಿ ಮೊದಲ ಬಾರಿಗೆ ಫೈನಲ್. ಅಲ್ಲಿ ಮಿಲ್ವಾಕಿ ಎದುರು 2-4ರಿಂದ ಸೋತರು, ಸರಿ. ಮುಂದಿನ ವರ್ಷ 64 ಪಂದ್ಯ ಗೆದ್ದು ಆ ತಂಡ ತನ್ನ ಇತಿಹಾಸದ ದಾಖಲೆ ಮಾಡಿತು. ಕಪ್ ಬರಲಿಲ್ಲ ಎಂದು ಆ ಟ್ರೇಡ್ ತಪ್ಪು ಅನ್ನುವವರ ಜೊತೆ ನನಗೆ ವಾದ ಮಾಡಲು ಇಷ್ಟವಿಲ್ಲ.

ಲೇಕರ್ಸ್ ಕಥೆಯ ಮುಕ್ತಾಯ ನಿನಗೆ ಗೊತ್ತೇ ಇದೆ. 2022-23ರಲ್ಲಿ ಮೊದಲ ಹನ್ನೆರಡರಲ್ಲಿ ಹತ್ತು ಸೋಲು. ಹೊಸ ಕೋಚ್ ಡಾರ್ವಿನ್ ಹ್ಯಾಮ್ ವೆಸ್ಟ್‌ಬ್ರೂಕ್‌ನನ್ನು ಬೆಂಚಿನಿಂದ ಆಡಿಸಿದರು, ಅವನು ಒಪ್ಪಿದ, ಆಟವೂ ಸುಧಾರಿಸಿತು. ಆದರೆ ಆ ಸಂಬಳ ಅಲ್ಲೇ ಇತ್ತು. 2023ರ ಫೆಬ್ರವರಿ 7ರಂದು ಲೆಬ್ರಾನ್ ಕರೀಮ್ ಅಬ್ದುಲ್-ಜಬ್ಬಾರ್ ಹೆಸರಿನಲ್ಲಿದ್ದ ಒಟ್ಟು ಅಂಕಗಳ ದಾಖಲೆ ಮುರಿದ. ಎರಡು ದಿನದ ಮೇಲೆ ವೆಸ್ಟ್‌ಬ್ರೂಕ್‌ನನ್ನು ಯೂಟಾಕ್ಕೆ ಕಳಿಸಿದರು, ಜೊತೆಗೆ 2027ರ ಮೊದಲ ಸುತ್ತಿನ ಪಿಕ್. ಆ ಮೂರು ತಂಡಗಳ ವ್ಯವಹಾರದಲ್ಲಿ ಡಿಆಂಜಲೊ ರಸೆಲ್, ಮಲಿಕ್ ಬೀಸ್ಲಿ, ಜ್ಯಾರೆಡ್ ವ್ಯಾಂಡರ್‌ಬಿಲ್ಟ್ ಬಂದರು. ಒಂದು ಸಂಬಳ ಒಡೆದು ಮತ್ತೆ ಮೂವರಾಯಿತು. ಆ ತಂಡ 43-39ಕ್ಕೆ ಏರಿ ವೆಸ್ಟರ್ನ್ ಫೈನಲ್ ತಲುಪಿತು. ಅಲ್ಲಿ ನಾಲ್ಕಕ್ಕೆ ನಾಲ್ಕೂ ಸೋಲಿಸಿದ್ದು ಡೆನ್ವರ್, ಆಮೇಲೆ ಕಪ್ ಎತ್ತಿದ್ದೂ ಡೆನ್ವರ್. ಆ ಡೆನ್ವರ್‌ನ ಮೊದಲ ಐವರಲ್ಲಿ ಒಬ್ಬ ಕಾಲ್ಡ್‌ವೆಲ್-ಪೋಪ್. ಕರೂಸೊ ವಿಷಯ ಕೇಳಿದರೆ, ಅವನು 2025ರಲ್ಲಿ ಓಕ್ಲಹೋಮ ಸಿಟಿಯ ಜೊತೆ ಕಪ್ ಗೆದ್ದ.

ವೆಸ್ಟ್‌ಬ್ರೂಕ್ ಆಟ ಅಲ್ಲಿಗೆ ಮುಗಿದಿತ್ತೇ? ಇಲ್ಲ. ಯೂಟಾ ಅವನನ್ನು ಬಿಡುಗಡೆ ಮಾಡಿತು, ಲಾಸ್ ಏಂಜಲೀಸ್‌ನದೇ ಇನ್ನೊಂದು ತಂಡ ಕ್ಲಿಪ್ಪರ್ಸ್ ಅವನನ್ನು ಕನಿಷ್ಠ ಸಂಬಳಕ್ಕೆ ತಂದಿತು, ಯಾರನ್ನೂ ಕಳಿಸದೆ. ಏಪ್ರಿಲ್‌ನಲ್ಲಿ ಫೀನಿಕ್ಸ್‌ನಲ್ಲಿ ಪ್ಲೇಆಫ್‌ನ ಮೊದಲ ಪಂದ್ಯ. ಅವನು ಎಸೆದ 19ರಲ್ಲಿ ಬಿದ್ದದ್ದು 3. ಲೇಕರ್ಸ್‌ನಲ್ಲಾಗಿದ್ದರೆ ಆ ಅಂಕಿ ಮುಖಪುಟಕ್ಕೆ ಬರುತ್ತಿತ್ತು. ಪಂದ್ಯದ ಕೊನೆಯ ಕ್ಷಣಗಳಲ್ಲಿ ಬುಕರ್ ಅಂಕ ಗಳಿಸಲು ಬುಟ್ಟಿಯತ್ತ ಏರಿದ. ವೆಸ್ಟ್‌ಬ್ರೂಕ್ ಹಿಂಬಾಲಿಸಿ ನೆಗೆದು ಚೆಂಡನ್ನು ತಡೆದ, ಗೆರೆಯ ಆಚೆ ಬೀಳುತ್ತಲೇ ಆ ಚೆಂಡನ್ನು ಬುಕರ್ ಮೈಗೆ ಎಸೆದು ಹೊರಗೆ ಹೋಗುವ ಹಾಗೆ ಮಾಡಿದ. ಚೆಂಡು ಕ್ಲಿಪ್ಪರ್ಸ್‌ಗೆ. 115-110ರಲ್ಲಿ ಗೆಲುವು. 3/19 ಆದವನಿಗೇ ಅವತ್ತು ಎಲ್ಲರ ಮೆಚ್ಚುಗೆ. ಅದೇ ಮನುಷ್ಯ, ಅದೇ ಕೈ, ಅದೇ ಹಟ. ಲೇಕರ್ಸ್ ಅವನಿಗಾಗಿ ಮೂವರನ್ನು ಕೊಟ್ಟಿತ್ತು, ಇವರು ಏನೂ ಕೊಟ್ಟಿರಲಿಲ್ಲ.

ನೀನು ಪತ್ರದ ಕೊನೆಯಲ್ಲಿ ಬರೆದದ್ದನ್ನು ನಾನು ಮರೆತಿಲ್ಲ. ಎಲ್ಲವೂ ಗೆಲುವಿನ ಲೆಕ್ಕವೇ ಆದರೆ ಅಭಿಮಾನ ಎಲ್ಲಿ ಹೋಯಿತು, ನಮಗೆ ಬೇಕಾದವನನ್ನು ಇನ್ನೊಂದು ಸಲ ನಮ್ಮ ಜೆರ್ಸಿಯಲ್ಲಿ ನೋಡಬೇಕು ಅನ್ನಿಸುವುದು ತಪ್ಪೇ ಎಂದು ಕೇಳಿದ್ದೀಯ. ಖಂಡಿತ ತಪ್ಪಲ್ಲ. 2009ರ ಡಿಸೆಂಬರ್‌ನಲ್ಲಿ ಐವರ್‌ಸನ್ ಫಿಲಡೆಲ್ಫಿಯಾಕ್ಕೆ ಮರಳಿದ. ಮೂರು ವರ್ಷ ಅಲ್ಲಿ ಇಲ್ಲಿ ಅಲೆದು, ಡೆಟ್ರಾಯಿಟ್‌ನಲ್ಲಿ ನೊಂದು, ತನ್ನನ್ನು ಬೆಳೆಸಿದ ಊರಿಗೆ. ಪರಿಚಯಿಸುವಾಗ ಜನ ಎದ್ದು ನಿಂತರು, ಅವನು ಅಂಗಳದ ನಡುವಿನ ಲಾಂಛನದ ಹತ್ತಿರ ಬಗ್ಗಿ ಅದಕ್ಕೆ ಮುತ್ತಿಟ್ಟ. ಆ ಪಂದ್ಯ ಸೋತರು. ಯಾರಿಗೂ ಬೇಸರವಾಗಲಿಲ್ಲ. ಫಿಲಡೆಲ್ಫಿಯಾ ಅವನಿಗಾಗಿ ಯಾರನ್ನೂ ಕಳಿಸಿರಲಿಲ್ಲ, ಅವನು ಸ್ವತಂತ್ರನಾಗಿ ಕನಿಷ್ಠ ಸಂಬಳಕ್ಕೆ ಬಂದಿದ್ದ. ಅಭಿಮಾನಕ್ಕಾಗಿ ಕರೆತರುವುದಾದರೆ ಹೀಗೆ ಕರೆತರಲಿ. ನಾನೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತೇನೆ.

ಲೀಗ್ ಮತ್ತು ಆಟಗಾರರ ಸಂಘ 2023ರಲ್ಲಿ ಮಾಡಿಕೊಂಡ ಹೊಸ ಒಪ್ಪಂದದ ಮೇಲೆ ನಿಯಮಗಳು ಇನ್ನೂ ಬಿಗಿಯಾಗಿವೆ. ಸಂಬಳದ ಮಿತಿಗಿಂತ ಬಹಳ ಮೇಲೆ ಎಳೆದಿರುವ ಎರಡನೆಯ ಗೆರೆಯನ್ನು ದಾಟಿದ ತಂಡ ಇಬ್ಬರು ಮೂವರ ಸಂಬಳ ಕೂಡಿಸಿ ಒಬ್ಬ ದೊಡ್ಡವನನ್ನು ತರುವಂತೆಯೇ ಇಲ್ಲ. ಅಂದರೆ ಲೇಕರ್ಸ್ ಮಾಡಿದಂಥ ಟ್ರೇಡ್ ಇನ್ನು ಅಪರೂಪವಾಗುತ್ತದೆ, ಮಾಡಿಕೊಂಡರೆ ಬಿಡಿಸಿಕೊಳ್ಳುವುದೂ ಕಷ್ಟವಾಗುತ್ತದೆ. ಫೆಬ್ರವರಿಯ ಗಡುವು ಹತ್ತಿರ ಬಂದಾಗ ಮತ್ತೆ ಯಾವುದಾದರೂ ದೊಡ್ಡ ಹೆಸರು ಕೇಳಿಬರುತ್ತದೆ, ನೀನು ನನಗೆ ಬರೆದೇ ಬರೆಯುತ್ತೀಯ. ಬರುವವನ ಬಗ್ಗೆ ಬರೆಯುವ ಮುಂಚೆ ಹೋಗುವವರ ಹೆಸರು ಬರೆ, ಪಕ್ಕದಲ್ಲಿ ಅವರು ಯಾರನ್ನು ಕಾಯುತ್ತಿದ್ದರು, ಎಲ್ಲಿ ನಿಲ್ಲುತ್ತಿದ್ದರು ಎಂದು ಎರಡು ಸಾಲು. ಅದನ್ನು ನೋಡಿಕೊಂಡು ಮಾತಾಡೋಣ.

ಮಕ್ಕಳಿಗೆ ನನ್ನ ಪ್ರೀತಿ ತಿಳಿಸು.

ನಿನ್ನ,
ಹಳೆಯ ಗೆಳೆಯ